ಎಲೆಕ್ಷನ್ ಬಂದರೆ ತೋಟದ ಕೋವಿ ಠಾಣೆಗೆ: ನಿಮ್ಮ ಕಡೆ ಹೇಗೆ?

ಅಡಿಕೆತೋಟ (ಹೊಸನಗರ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರೆಕರೆ ಅಡಿಕೆ ತೋಟ. ತೋಟದ ಅಗಳು ದಾಟಿದರೆ ಕಾಡು. ಅಪ್ಪನ ಕಾಲದಿಂದ ಮನೆಯಲ್ಲಿ ಒಂಟಿ ನಳಿಗೆಯ ತೋಟಾ ಕೋವಿ ಒಂದಿದೆ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಆಯಿತು. ಅದಕ್ಕೆ ಎಷ್ಟು ಓಡಾಡಿದೆ ಅನ್ನೋದು ಬೇರೆ ಕಥೆ.

2024ರ ಲೋಕಸಭೆ ಚುನಾವಣೆಯ ದಿನಾಂಕ ಮಾರ್ಚ್ 16ಕ್ಕೆ ಪ್ರಕಟವಾಯಿತು. ನಾಲ್ಕೇ ದಿನದಲ್ಲಿ ಠಾಣೆಯಿಂದ ಫೋನ್ ಬಂತು, ಕೋವಿ ತಂದು ಒಪ್ಪಿಸಿ ಅಂತ. ಒಪ್ಪಿಸಿದೆ. ನಮ್ಮ ಜಿಲ್ಲೆಯಲ್ಲಿ ವೋಟು ಹಾಕಿದ್ದು ಮೇ 7ಕ್ಕೆ. ಎಣಿಕೆ ಜೂನ್ 4ಕ್ಕೆ. ಕೋವಿ ಮನೆಗೆ ಬಂದಿದ್ದು ಅದೂ ಮುಗಿದು ಒಂದು ವಾರವಾದ ಮೇಲೆ. ಹತ್ತಿರ ಹತ್ತಿರ ಮೂರು ತಿಂಗಳು. ಅದರ ಹಿಂದಿನ ವರ್ಷ ವಿಧಾನಸಭೆಗೂ ಹೀಗೇ ಆಗಿತ್ತು. ಪಂಚಾಯ್ತಿ ಚುನಾವಣೆ ಬಂದರೂ ಇದೇ ಪಾಡು.

ಆ ತಿಂಗಳುಗಳಲ್ಲಿ ಏನಾಗುತ್ತದೆ ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಕಾಡಿನ ಹಳ್ಳ ಬತ್ತಿರುತ್ತದೆ. ಬೆಳಿಗ್ಗೆ ಏಳಕ್ಕೆಲ್ಲ ಮಂಗಗಳ ಹಿಂಡು ತೋಟಕ್ಕೆ ಇಳಿಯುತ್ತದೆ. ಹಿಂಗಾರ ಮುರಿಯುತ್ತವೆ, ಎಳೆಕಾಯಿ ಕಿತ್ತು ಬಿಸಾಡುತ್ತವೆ, ಬಾಳೆಗೊನೆ ಹರಿದು ಹಾಕುತ್ತವೆ. ನಾನು ಯಾವತ್ತೂ ಗುರಿಯಿಟ್ಟು ಹೊಡೆದವನಲ್ಲ. ಮೇಲಕ್ಕೆ ಒಂದು ಈಡು ಹಾರಿಸಿದರೆ ಎರಡು ದಿನ ಈ ಕಡೆ ತಲೆ ಹಾಕುವುದಿಲ್ಲ. ಕೋವಿ ಇಲ್ಲದ ಮೂರು ತಿಂಗಳು ಹೆಂಡತಿ ತಗಡಿನ ಡಬ್ಬ ಬಡಿದಳು, ನಾನು ಗರ್ನಾಲು ಹೊಡೆದೆ. ಡಬ್ಬದ ಸದ್ದು ಅವಕ್ಕೆ ನಾಲ್ಕೇ ದಿನದಲ್ಲಿ ರೂಢಿಯಾಯಿತು.

ಇನ್ನೊಂದು ಸಂಕಟ ಇದೆ. ಠಾಣೆಯ ಹಿಂದಿನ ಕೋಣೆಯಲ್ಲಿ ಕೋವಿಗಳನ್ನು ಸೌದೆ ಒಟ್ಟಿದ ಹಾಗೆ ಒಟ್ಟಿದ್ದರು. ಒಂದೊಂದಕ್ಕೂ ಸುತಲಿ ದಾರದಲ್ಲಿ ಚೀಟಿ ಕಟ್ಟಿತ್ತು. ವಾಪಸ್ ತಂದು ನಳಿಗೆ ಮಡಚಿ ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಕೆಂಪು ತುಕ್ಕು. ಅಪ್ಪ ಪ್ರತಿ ಅಮಾವಾಸ್ಯೆಗೆ ಎಣ್ಣೆಬಟ್ಟೆ ಎಳೆದು ಕಾಪಾಡಿಕೊಂಡು ಬಂದಿದ್ದ ನಳಿಗೆ ಅದು. ಅವತ್ತು ನನಗೆ ಊಟ ಸೇರಲಿಲ್ಲ.

ಕೇಸಿಲ್ಲ, ಗಲಾಟೆಯಿಲ್ಲ, ಪಕ್ಷವೂ ಇಲ್ಲ. ಆದರೂ ಪ್ರತಿ ಸಲ ಒಪ್ಪಿಸಲೇಬೇಕಾ? ಯಾರಾದರೂ ವಿನಾಯಿತಿ ಕೇಳಿ ಪಡೆದಿದ್ದೀರಾ?

ಬೆಂಗಳೂರು ದಕ್ಷಿಣ

ನಿಮ್ಮ ಕಷ್ಟ ಅರ್ಥವಾಗುತ್ತದೆ ಸರ್. ಆದರೆ ನನಗೆ ಈ ನಿಯಮ ಸರಿ ಅನಿಸುತ್ತದೆ. ಚುನಾವಣೆ ಹೊತ್ತಲ್ಲಿ ಹಳ್ಳಿಗಳಲ್ಲಿ ಅಣ್ಣ ತಮ್ಮಂದಿರೇ ಹೊಡೆದಾಡಿಕೊಳ್ಳುತ್ತಾರೆ. ಕುಡಿತ ಜಾಸ್ತಿ ಇರುತ್ತದೆ. ಆಗ ಅಟ್ಟದ ಮೇಲೆ ಕೋವಿ ಇದ್ದರೆ ಅನಾಹುತಕ್ಕೆ ಒಂದು ನಿಮಿಷ ಸಾಕು. ಎರಡು ಮೂರು ತಿಂಗಳ ಬೆಳೆ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡಲಿ. ಆದರೆ ಕೋವಿ ಠಾಣೆಯಲ್ಲೇ ಇರಲಿ.

ಸುಳ್ಯದವ

ಪರಿಹಾರದ ಮಾತು ಬಿಡಿ ಸರ್. ಮಂಗ ತಿಂದ ಎಳೆಕಾಯಿಯನ್ನು ಯಾರು ಬಂದು ಎಣಿಸುತ್ತಾರೆ?

ನಮ್ಮ ಕಡೆ ಲೈಸೆನ್ಸ್ ಇರುವವರು ಕ್ಯೂ ನಿಂತು ಒಪ್ಪಿಸುತ್ತಾರೆ. ಲೈಸೆನ್ಸ್ ಇಲ್ಲದ ನಾಡಕೋವಿಗಳು ಇದ್ದಲ್ಲೇ ಇರುತ್ತವೆ. ಅವನ್ನು ಒಪ್ಪಿಸು ಅಂತ ಹೇಳಲು ಯಾರ ಹತ್ತಿರವೂ ಪಟ್ಟಿಯೇ ಇಲ್ಲ. ಕಾಯ್ದೆ ಪಾಲಿಸಿದವನ ಮನೆ ಬಾಗಿಲಿಗೆ ಮಾತ್ರ ಕಾಯ್ದೆ ಬರುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೋವಿ ಇಲ್ಲ ಅಂತ ಕೆಲವರು ಮನೆಯ ಲೈನಿನಿಂದಲೇ ಬೇಲಿಗೆ ಕರೆಂಟು ಕೊಡುತ್ತಾರೆ. ಅದಕ್ಕೆ ಹಂದಿಯೂ ಸಾಯುತ್ತದೆ, ಆನೆಯೂ ಸಾಯುತ್ತದೆ, ಬೆಳಿಗ್ಗೆ ಹುಲ್ಲಿಗೆ ಹೋದ ಹೆಂಗಸೂ ಸಾಯುತ್ತಾಳೆ.

ಕೋರ್ಟ್ ಕಟ್ಟೆ

ನಾನು ವಕೀಲ. ಇಂಥ ಅರ್ಜಿಗಳನ್ನು ಬರೆದುಕೊಟ್ಟಿದ್ದೇನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚುನಾವಣಾ ಆಯೋಗದ ಸೂಚನೆಯಲ್ಲಿ ಎಲ್ಲರ ಕೋವಿ ಇಸಿದುಕೊಳ್ಳಿ ಅಂತ ಇಲ್ಲ. ಪ್ರತಿ ಜಿಲ್ಲೆಯಲ್ಲಿ ಒಂದು ಸ್ಕ್ರೀನಿಂಗ್ ಕಮಿಟಿ ಇರಬೇಕು. ಡಿಸಿ, ಎಸ್ಪಿ ಅದರಲ್ಲಿ ಇರುತ್ತಾರೆ. ಜಾಮೀನಿನ ಮೇಲೆ ಹೊರಗಿರುವವರು, ಕ್ರಿಮಿನಲ್ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಗಲಭೆಯಲ್ಲಿ ಸಿಕ್ಕಿಕೊಂಡವರು, ಇಂಥವರ ಲೈಸೆನ್ಸ್‌ಗಳನ್ನು ಆ ಕಮಿಟಿ ನೋಡಬೇಕು. ಯಾರ ಕೋವಿ ಒಪ್ಪಿಸಿಕೊಳ್ಳಬೇಕು ಅಂತ ಹೆಸರು ಹಿಡಿದು ತೀರ್ಮಾನಿಸಬೇಕು. ಇದು ಬಂದಿದ್ದೇ ಬಾಂಬೆ ಹೈಕೋರ್ಟಿನ ಒಂದು ತೀರ್ಪಿನ ಬೆನ್ನಿಗೆ. 2024ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಕೂಡ ಇದನ್ನೇ ಹೇಳಿತು. ಚುನಾವಣೆ ಇದೆ ಅನ್ನುವ ಒಂದೇ ಕಾರಣಕ್ಕೆ ಎಲ್ಲ ಲೈಸೆನ್ಸ್‌ದಾರರಿಂದ ಕೋವಿ ಕೇಳುವಂತಿಲ್ಲ ಅಂತ.

ಆದರೆ ನಡೆಯುವುದು ಬೇರೆ. ಒಂದೊಂದು ಫೈಲ್ ತೆರೆದು ನೋಡಲು ಕಚೇರಿಯಲ್ಲಿ ಯಾರಿಗೂ ಸಮಯ ಇಲ್ಲ. ಇಡೀ ಜಿಲ್ಲೆಗೆ ಒಂದು ಆದೇಶ ಹೊರಡಿಸಿದರೆ ಕೆಲಸ ಮುಗಿಯಿತು.

ನೀವು ಮಾಡಬೇಕಾದ್ದು ಇಷ್ಟು. ದಿನಾಂಕ ಪ್ರಕಟವಾದ ಕೂಡಲೇ ಡಿಸಿಯವರಿಗೆ ಅರ್ಜಿ ಕೊಡಿ. ಪಹಣಿ, ಲೈಸೆನ್ಸ್ ಪ್ರತಿ, ತೋಟ ಕಾಡಿಗೆ ತಾಗಿದೆ ಅನ್ನುವುದಕ್ಕೆ ನಕ್ಷೆ, ಹಿಂದೆ ಬೆಳೆಹಾನಿಗೆ ಅರ್ಜಿ ಕೊಟ್ಟಿದ್ದರೆ ಅದರ ಪ್ರತಿ, ಎಲ್ಲ ಲಗತ್ತಿಸಿ. ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. ಉತ್ತರ ಬರುವ ತನಕ ಠಾಣೆಯ ಮಾತು ಮೀರಬೇಡಿ. ಕೋವಿ ಒಪ್ಪಿಸಿ, ರಸೀದಿ ಇಸಿದುಕೊಳ್ಳಿ, ಅದರಲ್ಲಿ ಕೋವಿಯ ಸ್ಥಿತಿ ಬರೆಸಿ. ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೂ ಠೇವಣಿ ಇಡಬಹುದು. ಅಲ್ಲಿ ಬಾಡಿಗೆ ಕೊಡಬೇಕು, ಆದರೆ ತುಕ್ಕು ಹಿಡಿಯುವುದಿಲ್ಲ.

ಅಡಿಕೆತೋಟ

ಕೋವಿಯ ಸ್ಥಿತಿ ಬರೆಸಬೇಕು ಅನ್ನೋದು ಗೊತ್ತೇ ಇರಲಿಲ್ಲ ಸರ್. ನನಗೆ ಕೊಟ್ಟ ಚೀಟಿಯಲ್ಲಿ ಬರೀ ನಂಬರ್ ಇತ್ತು.

ಕಾಫಿಹೂವು (ಮಡಿಕೇರಿ)

ನಮ್ಮ ಜಿಲ್ಲೆಯ ಹೆಸರು ಬಂದೇ ಬರುತ್ತದೆ ಅಂತ ಗೊತ್ತಿತ್ತು, ಅದಕ್ಕೆ ನಾನೇ ಹೇಳುತ್ತೇನೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ, ಅಂದರೆ ತಲೆಮಾರಿನಿಂದ ಬಂದ ಜಮ್ಮಾ ಅನ್ನುವ ಹಳೆಯ ಪದ್ಧತಿಯ ಭೂಮಿ ಇರುವವರಿಗೆ, ಕೋವಿಗೆ ಲೈಸೆನ್ಸ್ ಬೇಕಿಲ್ಲ. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಇದು. ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಕೆಳಗೆ, 1963ರಲ್ಲಿ ಕೇಂದ್ರ ಸರ್ಕಾರ ಅದನ್ನು ಉಳಿಸಿಕೊಂಡಿತು. 2019ರ ಅಕ್ಟೋಬರ್‌ನಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ತನಕ ಮುಂದುವರಿಸಿದರು. ಇದು ತಾರತಮ್ಯ ಅಂತ ಕೋರ್ಟಿಗೆ ಹೋದವರಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಹೊರಗಿನವರಿಗೆ ಇದು ಸುಮ್ನೆ ಸಿಕ್ಕಿದ ಸವಲತ್ತು ಅನ್ನಿಸಬಹುದು. ನಮ್ಮ ಮನೆಯಲ್ಲಿ ಕೋವಿ ಹೇಗಿರುತ್ತದೆ ಅಂತ ಹೇಳುತ್ತೇನೆ. ನಮ್ಮ ಆಯುಧದ ಹಬ್ಬ ಕೈಲ್ ಮುಹೂರ್ತದ ದಿನ ಎಲ್ಲ ಕೋವಿಗಳನ್ನೂ ಒರೆಸಿ ದೇವರ ದೀಪದ ಎದುರು ಇಡುತ್ತೇವೆ. ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತೇವೆ. ಕೆಂಪು ಹಳದಿ ಎಸಳಿನ ಕೋವಿ ಹೂವು, ಮಳೆಗಾಲದಲ್ಲಿ ಬೇಲಿಯಲ್ಲಿ ಅರಳುತ್ತದೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು. ಸಾವಾದರೆ ಬೆನ್ನುಬೆನ್ನಿಗೆ ಎರಡು. ನನ್ನ ಅಜ್ಜ ತೀರಿಕೊಂಡ ಬೆಳಿಗ್ಗೆ ಆ ಎರಡು ಸದ್ದು ಕೇಳಿ ಗುಡ್ಡದ ಆಚೆಯ ಮನೆಯವರು ಕೆಲಸ ಬಿಟ್ಟು ಬಂದರು. ಯಾರಿಗೂ ಫೋನ್ ಮಾಡಿರಲಿಲ್ಲ.

ಚುನಾವಣಾ ಆಯೋಗದ ಅದೇ ಸೂಚನೆಯಲ್ಲಿ, ರೂಢಿ ಮತ್ತು ಹಳೆಯ ಕಾನೂನಿನಿಂದ ಆಯುಧ ಧರಿಸುವ ಹಕ್ಕಿರುವ ಸಮುದಾಯಗಳನ್ನು ಹೊರಗಿಟ್ಟಿದ್ದಾರೆ. ಆದರೆ ನಿಮ್ಮ ಪ್ರಶ್ನೆ ನ್ಯಾಯದ್ದು. ನಮ್ಮದೇ ಜಿಲ್ಲೆಯಲ್ಲಿ ಜಮ್ಮಾ ಭೂಮಿ ಇಲ್ಲದ, ಎರಡೆಕರೆ ಕಾಫಿ ಮಾಡುವ ಬಡ ರೈತ ಇದ್ದಾನೆ. ಅವನ ಗದ್ದೆಗೂ ಅದೇ ಹಂದಿ ಬರುತ್ತದೆ. ಅವನು ಲೈಸೆನ್ಸ್‌ಗೆ ಅಲೆಯಬೇಕು. ನಮಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಅವನ ದಾರಿ ಸುಲಭ ಮಾಡಿ ಅಂತ ಹೇಳುತ್ತೇನೆ.

ಕೋರ್ಟ್ ಕಟ್ಟೆ

ಅದಕ್ಕೂ ಕಾಯ್ದೆಯಲ್ಲಿ ದಾರಿ ಇದೆ ಮೇಡಂ. ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದ ಕೇಪಿನ ಕೋವಿಗೆ (ನಳಿಗೆಯ ಬಾಯಿಯಿಂದ ಮದ್ದು ತುಂಬುವಂಥದ್ದು), ಆತ್ಮರಕ್ಷಣೆಗೋ ಕ್ರೀಡೆಗೋ ಬೇಕಾದ 20 ಇಂಚಿಗಿಂತ ಕಡಿಮೆಯಿಲ್ಲದ ನಯ ನಳಿಗೆಯ ಕೋವಿಗೆ ಲೈಸೆನ್ಸ್ ಕೊಡಬೇಕು ಅಂತಲೇ 13ನೇ ಸೆಕ್ಷನ್ ಹೇಳುತ್ತದೆ. ಪಿಸ್ತೂಲು ಕೇಳುವವರಿಗೆ ಇರುವ ಬಿಗಿ ಇಲ್ಲಿಲ್ಲ. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. 2019ರ ತಿದ್ದುಪಡಿಯಲ್ಲಿ ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಅಷ್ಟಾದರೂ ಓಡಾಟ ತಪ್ಪಿತು.

ಬೆಂಗಳೂರು ದಕ್ಷಿಣ

ಪಿಸ್ತೂಲಿನ ಮಾತು ಬಂತಲ್ಲ, ಕೇಳಿಬಿಡುತ್ತೇನೆ. ನಮ್ಮ ಬಡಾವಣೆಯಲ್ಲಿ ಒಬ್ಬರು ವ್ಯಾಪಾರಿ ಸೊಂಟದಲ್ಲಿ ರಿವಾಲ್ವರ್ ಇಟ್ಟುಕೊಂಡು ಓಡಾಡುತ್ತಾರೆ. ಅಂಗಿ ಸರಿದಾಗ ಕಾಣುತ್ತದೆ. ಪಾರ್ಕಿನಲ್ಲಿ ಮಕ್ಕಳು ಆಡುತ್ತಿರುತ್ತವೆ. ಇದಕ್ಕೆ ಅನುಮತಿ ಇದೆಯಾ?

ಕೋರ್ಟ್ ಕಟ್ಟೆ

ಲೈಸೆನ್ಸ್ ಇದ್ದರೆ ಒಯ್ಯಬಹುದು. ಆದರೆ 2016ರ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೋವಿ ಪೂರ್ತಿ ಮುಚ್ಚಿರಬೇಕು. ಹೋಲ್‌ಸ್ಟರ್‌ನಲ್ಲೋ ಚೀಲದಲ್ಲೋ ಇರಬೇಕು, ಅವರ ಹತೋಟಿಯಲ್ಲೇ ಇರಬೇಕು. ನಾಲ್ಕು ಜನಕ್ಕೆ ಕಾಣಲಿ ಅಂತ ಇಟ್ಟುಕೊಳ್ಳುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಯಾರ ಜೀವಕ್ಕಾದರೂ ಅಪಾಯ ತಂದರೆ 2019ರಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಡಲ್ಲಾಸ್ ಕನ್ನಡಿಗ

ನಾನು ಶಿವಮೊಗ್ಗದವನು, ಟೆಕ್ಸಾಸ್‌ಗೆ ಬಂದು ಹದಿನೇಳು ವರ್ಷ ಆಯಿತು. ಅಡಿಕೆತೋಟ ಅಣ್ಣನ ಬರಹ ಓದಿ ಸುಮ್ಮನಿರಲು ಆಗಲಿಲ್ಲ. ಇಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ದಾಟಿದವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು. ಅಪರಾಧದ ಹಿನ್ನೆಲೆಯಂಥ ಅಡ್ಡಿ ಇರಬಾರದು ಅಷ್ಟೆ. ಇಷ್ಟು ಸಡಿಲ ಇರುವ ರಾಜ್ಯದಲ್ಲೂ ಮತಗಟ್ಟೆಯೊಳಗೆ ಪಿಸ್ತೂಲು ಒಯ್ಯುವಂತಿಲ್ಲ. ನಾನು ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಅವರು ಕಾಪಾಡುವುದು ವೋಟು ಹಾಕುವ ಜಾಗವನ್ನು. ಮನೆಯಲ್ಲಿರುವ ಕೋವಿಯ ತಂಟೆಗೆ ಹೋಗುವುದಿಲ್ಲ. ನಮ್ಮಲ್ಲೂ ಹಾಗೆ ಯೋಚಿಸಬಹುದಲ್ವಾ?

ಇಲ್ಲಿರುವ ನಮ್ಮ ಹುಡುಗರಿಗೆ ಒಂದು ಎಚ್ಚರಿಕೆ. ಎಚ್-1ಬಿ ವೀಸಾದಲ್ಲಿ ಬಂದವರು ಕೋವಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇರುವಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯನ ಪಿಸ್ತೂಲು ಹಿಡಿದು ಫೋಟೊ ಹಾಕಿಕೊಳ್ಳುವ ಮೊದಲು ಇದನ್ನು ತಿಳಿದುಕೊಳ್ಳಿ. ರಾಜ್ಯದ ಕಾನೂನು ಸಡಿಲ ಇದೆ ಅಂತ ವೀಸಾ ಉಳಿಯುವುದಿಲ್ಲ.

ನಾನು ಗ್ರೀನ್ ಕಾರ್ಡ್ ಬಂದ ಮೇಲೆ ಲೈಸೆನ್ಸ್ ಮಾಡಿಸಿದೆ. ಕ್ಲಾಸಿಗೆ ಕೂತು, 50 ಗುಂಡು ಹೊಡೆದು ಪಾಸಾಗಬೇಕು. ಎರಡು ವರ್ಷ ದಿನಾ ಸೊಂಟದಲ್ಲಿ ಇಟ್ಟುಕೊಂಡು ಓಡಾಡಿದೆ. ಅದು ಎಷ್ಟು ಭಾರ ಅಂತ ಯಾರೂ ಹೇಳಿರಲಿಲ್ಲ. ಬಗ್ಗಿ ಬೂಟಿನ ದಾರ ಕಟ್ಟುವಾಗ ಅಂಗಿ ಮೇಲೆ ಸರಿಯಿತಾ ಅಂತ ಕೈ ಹಿಂದಕ್ಕೆ ಹೋಗುತ್ತದೆ. ಮಗಳು ಓಡಿ ಬಂದು ತಬ್ಬಿಕೊಂಡರೆ ಮೊದಲು ಮೈ ತಿರುಗಿಸುತ್ತೇನೆ, ಆಮೇಲೆ ಎತ್ತಿಕೊಳ್ಳುತ್ತೇನೆ. ಅಂಗಡಿ, ಆಸ್ಪತ್ರೆ ಬಾಗಿಲಲ್ಲಿ 30.06, 30.07 ಅಂತ, ಪಿಸ್ತೂಲು ಒಳಗೆ ತರಬೇಡಿ ಅನ್ನುವ ಬೋರ್ಡ್ ಇರುತ್ತದೆ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ, ಒಂದೊಂದು ಇಂಚಿನ ಅಕ್ಷರ. ಅದನ್ನು ಕಂಡರೆ ವಾಪಸ್ ಕಾರಿಗೆ ಹೋಗಿ ತೆಗೆದಿಡಬೇಕು. ಹಾಗೆ ಕಾರಿನಲ್ಲಿಟ್ಟ ನನ್ನ ಗೆಳೆಯನ ಪಿಸ್ತೂಲನ್ನು ಗಾಜು ಒಡೆದು ಕದ್ದರು. ಅದು ಯಾರ ಕೈ ಸೇರಿತು ಅಂತ ಅವನಿಗೆ ಇವತ್ತಿಗೂ ನಿದ್ದೆ ಬರುವುದಿಲ್ಲ. 2022ರ ಮೇ 24ರಂದು ಯುವಾಲ್ಡಿಯ ಶಾಲೆಯಲ್ಲಿ ಗುಂಡಿನ ದಾಳಿಗೆ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತರು. ನಮ್ಮದೇ ರಾಜ್ಯ. ಆ ವಾರವೇ ನನ್ನದನ್ನು ಮನೆಯ ಸೇಫಿನಲ್ಲಿಟ್ಟೆ. ಮತ್ತೆ ಸೊಂಟಕ್ಕೆ ಕಟ್ಟಿಲ್ಲ. ಹಕ್ಕು ಇದೆ, ಇರಲಿ. ನನಗೆ ಬೇಡವಾಯಿತು.

ಏಲಕ್ಕಿಗಿಡ (ಮೂಡಿಗೆರೆ)

ಇಷ್ಟೂ ಓದಿದೆ. ಎಲ್ಲರೂ ಎಲೆಕ್ಷನ್ನಿನ ಮೂರು ತಿಂಗಳ ಮಾತಾಡುತ್ತಿದ್ದೀರಿ. ನಾನು ಉಳಿದ ತಿಂಗಳುಗಳ ಮಾತಾಡುತ್ತೇನೆ.

ಹದಿನಾಲ್ಕು ವರ್ಷದ ಹಿಂದೆ ನಮ್ಮ ದೊಡ್ಡಪ್ಪನ ಮಗ ಸತ್ತಿದ್ದು ಕೋವಿಗೆ. ಭತ್ತ ತೆನೆ ಕಟ್ಟಿತ್ತು. ಹಂದಿ ಕಾಯಲು ನಾಲ್ಕು ಜನ ಹೋಗಿದ್ದರು. ಮಳೆ ಜಿಬಿಜಿಬಿ ಹೊಯ್ಯುತ್ತಿತ್ತು. ಅಣ್ಣ ಕರಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆ ಬದುವಿನ ಕೆಳಗೆ ಕೂತಿದ್ದ. ಬೀಡಿ ಹಚ್ಚಲು ಬಗ್ಗಿದ್ದಾನೆ. ಆಚೆ ಬದುವಿನಿಂದ ನೋಡಿದವನಿಗೆ ಕರಿ ಬೆನ್ನು ಅಲ್ಲಾಡಿದ್ದು ಮಾತ್ರ ಕಂಡಿತು. ಈಡು ಹೊಡೆದವನು ಅಣ್ಣನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಲೈಸೆನ್ಸ್ ಇತ್ತು. ಕೋವಿ ಸರಿಯಾಗೇ ಇತ್ತು. ಅವನ ಮೇಲೆ ಒಂದು ಕೇಸೂ ಇರಲಿಲ್ಲ. ಪರಿಶೀಲನೆ ಮಾಡಿದ್ದರೆ ಯಾವ ಕಮಿಟಿಯೂ ಅವನ ಹೆಸರನ್ನು ಪಟ್ಟಿಗೆ ಹಾಕುತ್ತಿರಲಿಲ್ಲ.

ಆ ಕಂಬಳಿ ಪೊಲೀಸರ ಹತ್ತಿರ ಹೋಯಿತು. ದೊಡ್ಡಮ್ಮ ಇವತ್ತಿಗೂ ಮನೆಯಲ್ಲಿ ಕಂಬಳಿ ತರಲು ಬಿಡುವುದಿಲ್ಲ.

ಕೋವಿ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಇದೆ. ಆದರೆ ಅದಾದ ಮೇಲೆ ನಾವು ನಾಲ್ಕು ಮನೆಯ ಹೆಂಗಸರು ಕೂತು ಮಾತಾಡಿದೆವು. ಕೋವಿ ಗಂಡಸರ ಹೆಸರಿನಲ್ಲಿರಲಿ, ಬೀಗದ ಕೈ ನಮ್ಮ ಹತ್ತಿರ. ತೋಟಾ ಬೇರೆ ಡಬ್ಬದಲ್ಲಿ, ಬೇರೆ ಬೀಗ. ಕುಡಿದವರಿಗೆ ಬೀಗದ ಕೈ ಕೊಡುವುದಿಲ್ಲ, ಎಷ್ಟೇ ಕೂಗಾಡಲಿ. ಕತ್ತಲಾದ ಮೇಲೆ ಗುರಿಯಿಟ್ಟು ಹೊಡೆಯುವಂತಿಲ್ಲ, ಬೆದರಿಸಲು ಆಕಾಶಕ್ಕೆ ಮಾತ್ರ. ಹೇಗಿದ್ದರೂ 1972ರ ವನ್ಯಜೀವಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಹಂದಿ ಹೊಡೆಯುವಂತಿಲ್ಲ. ಕಾಯಲು ಹೋಗುವವರು ಬಿಳಿ ಪ್ಲಾಸ್ಟಿಕ್ ಹೊದ್ದುಕೊಳ್ಳಬೇಕು. ಮೊದಮೊದಲು ಊರಿನಲ್ಲಿ ಆಡಿಕೊಂಡರು. ಈಗ ಪಕ್ಕದ ಊರಿನವರೂ ಹಾಗೇ ಮಾಡುತ್ತಾರೆ.

ಸುಳ್ಯದವ

ಅಕ್ಕ, ಓದಿ ಕೈಕಾಲು ತಣ್ಣಗಾಯಿತು. ಬಿಳಿ ಪ್ಲಾಸ್ಟಿಕ್ಕಿನ ಮಾತು ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಹೇಳುತ್ತೇನೆ.

ಅಡಿಕೆತೋಟ

ಏಲಕ್ಕಿಗಿಡ ಅಕ್ಕ, ಎರಡು ದಿನ ಉತ್ತರ ಬರೆಯಲು ಆಗಲಿಲ್ಲ.

ನಿಜ ಹೇಳುತ್ತೇನೆ. ನಮ್ಮ ಮನೆಯಲ್ಲಿ ಕೋವಿ ಅಟ್ಟದ ತೊಲೆಗೆ ಒರಗಿರುತ್ತದೆ. ತೋಟಾ ಅದೇ ಅಟ್ಟದಲ್ಲಿ ಹಳೆಯ ಬಿಸ್ಕತ್ ಡಬ್ಬದಲ್ಲಿ. ಅಪ್ಪ ಹಾಗೆ ಇಡುತ್ತಿದ್ದರು, ನಾನೂ ಹಾಗೇ ಇಟ್ಟೆ. ಭದ್ರವಾಗಿ ಇಡುತ್ತೇನೆ ಅಂತ ಲೈಸೆನ್ಸಿನ ಹೊತ್ತಲ್ಲಿ ಬರೆದುಕೊಟ್ಟಿದ್ದೇನೆ. ಬರೆದಿದ್ದು ನನಗೆ ನೆನಪೇ ಇರಲಿಲ್ಲ. ಮಗನಿಗೆ ಈಗ ಹನ್ನೊಂದು ವರ್ಷ. ಏಣಿ ಹತ್ತುವುದು ಅವನಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಠಾಣೆಯವರು ಕೋವಿಯನ್ನು ಸರಿಯಾಗಿ ಇಡಲಿಲ್ಲ ಅಂತ ನಾನು ಇಲ್ಲಿ ಬರೆದೆ. ನಾನೂ ಸರಿಯಾಗಿ ಇಟ್ಟಿರಲಿಲ್ಲ. ನಿನ್ನೆ ಪೇಟೆಗೆ ಹೋಗಿ ಕಬ್ಬಿಣದ ಬೀರು ಹೇಳಿ ಬಂದೆ, ಕೋವಿ ನಿಲ್ಲುವಷ್ಟು ಎತ್ತರದ್ದು. ಗೋಡೆಗೆ ಬೋಲ್ಟ್ ಹಾಕಿ ಕೊಡುತ್ತಾರಂತೆ. ಬೀಗದ ಕೈ ಹೆಂಡತಿಯ ಹತ್ತಿರ ಇರಲಿ ಅಂದೆ. ಅವಳು ಕೇಳಿದ್ದು ಒಂದೇ ಮಾತು, "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಬೆಂಗಳೂರು ದಕ್ಷಿಣ

ಸರ್, ನೀವು ಹೀಗೆ ಇಡುವುದಾದರೆ ನಿಮ್ಮ ಅರ್ಜಿಗೆ ನನ್ನ ಬೆಂಬಲವೂ ಇದೆ. ಠಾಣೆಯಲ್ಲೇ ಇರಲಿ ಅಂತ ನಾನು ಹೇಳಿದ್ದು ಅಟ್ಟದ ಮೇಲಿನ ಕೋವಿಯನ್ನು ನೆನೆದುಕೊಂಡೇ. ನನ್ನ ಅಜ್ಜನ ಮನೆಯಲ್ಲೂ ಹಾಗೇ ಇತ್ತು.

ಕೋರ್ಟ್ ಕಟ್ಟೆ

ಆ ಬೀರುವಿನ ಬಿಲ್ಲು, ಗೋಡೆಗೆ ಕೂರಿಸಿದ ಫೋಟೊ ಎರಡನ್ನೂ ಅರ್ಜಿಗೆ ಲಗತ್ತಿಸಿ. ಕಮಿಟಿಯ ಎದುರು ನಾನು ಹತ್ತು ಪುಟ ವಾದ ಬರೆಯುವುದಕ್ಕಿಂತ ಆ ಒಂದು ಫೋಟೊ ಜಾಸ್ತಿ ಕೆಲಸ ಮಾಡುತ್ತದೆ. ಊರಿನ ಲೈಸೆನ್ಸ್‌ದಾರರು ಹತ್ತು ಹದಿನೈದು ಜನ ಸೇರಿ ಇದೇ ರೀತಿ ಕೊಟ್ಟರೆ ಇನ್ನೂ ಒಳ್ಳೆಯದು. ಚುನಾವಣೆ ಬರುವ ತನಕ ಕಾಯಬೇಡಿ, ಈಗಲೇ ಫೈಲ್ ಮಾಡಿ ಇಟ್ಟುಕೊಳ್ಳಿ. ಅರ್ಜಿಯ ನಮೂನೆ ಬೇಕಿದ್ದವರು ಕೇಳಿ, ಕಳಿಸುತ್ತೇನೆ.

ಅಡಿಕೆತೋಟ

ನಮ್ಮ ಊರಿನಲ್ಲಿ ಒಂಬತ್ತು ಲೈಸೆನ್ಸ್ ಇದೆ ಸರ್. ಆರು ಜನ ಒಪ್ಪಿದ್ದಾರೆ. ಉಳಿದ ಮೂವರ ಮನೆಗೆ ಭಾನುವಾರ ಹೋಗುತ್ತೇನೆ. ನಮೂನೆ ಕಳಿಸಿ.

ಕಾಫಿಹೂವು ಅಕ್ಕ, ಒಳಗಿನ ತುಕ್ಕಿಗೆ ನೀವು ಏನು ಮಾಡುತ್ತೀರಿ? ಕೊಬ್ಬರಿ ಎಣ್ಣೆ ಹಾಕಿ ನೋಡಿದೆ, ಹೋಗಲಿಲ್ಲ.

ಕಾಫಿಹೂವು (ಮಡಿಕೇರಿ)

ಕೊಬ್ಬರಿ ಎಣ್ಣೆ ಬೇಡ, ಅಂಟು ಕೂರುತ್ತದೆ. ಮೊದಲು ಕೋವಿಯಲ್ಲಿ ತೋಟಾ ಇಲ್ಲ ಅಂತ ಎರಡು ಸಲ ನೋಡಿ. ಆಮೇಲೆ ನಳಿಗೆ ಬಿಚ್ಚಿ ಹಿತ್ತಾಳೆ ತಂತಿಯ ಬ್ರಷ್ ಎಳೆಯಿರಿ, ಕಬ್ಬಿಣದ್ದು ಬೇಡ. ಒಣ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಹೊಲಿಗೆ ಮಿಷನ್ನಿಗೆ ಹಾಕುವ ತೆಳು ಎಣ್ಣೆಯನ್ನು ಬಟ್ಟೆಗೆ ಸವರಿ ಒಂದು ಸಲ ಎಳೆಯಿರಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಆಮೇಲೂ ಒಳಗೆ ಗುಳಿ ಕಂಡರೆ ಈಡು ಹೊಡೆಯಬೇಡಿ, ಬಂದೂಕು ರಿಪೇರಿಯವರಿಗೆ ತೋರಿಸಿ.